ಮತಾಂತರವೂ ಮಾನಸಾಂತರವೂ: ಕನ್ನಡ ಕ್ರೈಸ್ತ ಬರಹಗಳಲ್ಲಿ ಅಂತರಂಗದ ಪರಿವರ್ತನೆ

೧. ವಿಷಯಪ್ರವೇಶ

ಕ್ರೈಸ್ತಧರ್ಮಕ್ಕೂ ಕನ್ನಡಕ್ಕೂ ಇರುವ ಸಂಬಂಧವನ್ನು ಕುರಿತು ನಮ್ಮಲ್ಲಿ ಬಂದಿರುವ ಬರಹಗಳು ಕಡಿಮೆಯೇನಲ್ಲ. ೧೮೪೩ರಲ್ಲಿ ಹೊರಟ 'ಮಂಗಳೂರ ಸಮಾಚಾರ', ಹರ್ಮನ್ ಮೋಗ್ಲಿಂಗರು ಪ್ರಕಟಿಸಿದ 'ಬಿಬ್ಲಿಯೋಥೆಕಾ ಕರ್ನಾಟಿಕಾ' ಮಾಲೆ, ೧೮೯೪ರಲ್ಲಿ ಮುಗಿದ ಕಿಟ್ಟೆಲರ ನಿಘಂಟು, ಇವುಗಳ ಉಪಕಾರವನ್ನು ವಿದ್ವಾಂಸರು ಮತ್ತೆ ಮತ್ತೆ ಸ್ಮರಿಸಿದ್ದಾರೆ. ಸ್ಮರಿಸುವುದು ಯುಕ್ತವೂ ಹೌದು. ಆದರೆ ಇವೆಲ್ಲ ಆ ಮಹನೀಯರ ಕಾರ್ಯದ ಉಪಫಲಗಳು. ಅವರು ಕಡಲು ದಾಟಿ ಬಂದುದು ನಿಘಂಟು ರಚಿಸಬೇಕೆಂದಲ್ಲ. ಮನುಷ್ಯನ ಒಳಗನ್ನು ಬುಡದಿಂದ ಬದಲಿಸಬಲ್ಲ ಶಕ್ತಿಯೊಂದು ಉಂಟೆಂದು ಸಾರಬೇಕೆಂದು. ಆ ಮುಖ್ಯ ಮಾತು ಕನ್ನಡದಲ್ಲಿ ಹೇಗೆ ಮೂಡಿತು, ಎಷ್ಟರಮಟ್ಟಿಗೆ ನೆಲೆನಿಂತಿತು ಎಂಬುದರ ವಿವೇಚನೆ ಮಾತ್ರ ಹಿಂದೆ ಉಳಿದಿದೆ. ಸಾಹಿತ್ಯ ವಿಮರ್ಶೆಯ ಮಿತಿಯೊಳಗೆ ನಿಂತು ಆ ಪ್ರಶ್ನೆಯನ್ನು ಎತ್ತಿಕೊಳ್ಳುವುದು ಈ ಲೇಖನದ ಉದ್ದೇಶ.

ಮೊದಲಿಗೆ ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಮತಾಂತರ ಬೇರೆ, ಮಾನಸಾಂತರ ಬೇರೆ. ಒಬ್ಬನು ಒಂದು ಸಮಾಜವನ್ನು ಬಿಟ್ಟು ಇನ್ನೊಂದನ್ನು ಸೇರಿದನೆಂಬುದು ಮತಾಂತರ. ಅದಕ್ಕೆ ದಿನಾಂಕವುಂಟು, ಸಾಕ್ಷಿಗಳುಂಟು, ಸಭೆಯ ದಾಖಲೆಯಲ್ಲಿ ಹೆಸರುಂಟು. ಅದರ ಸುತ್ತ ವಾದವಿವಾದಗಳೂ ಉಂಟು. ಮಾನಸಾಂತರಕ್ಕೆ ಇವೊಂದೂ ಇಲ್ಲ. ಅದು ನಡೆಯಿತೆಂದು ಹೇಳಬೇಕಾದವನು ಅದನ್ನು ಅನುಭವಿಸಿದವನೇ. ಅದನ್ನು ಹೇಳಲು ಅವನಿಗಿರುವ ಸಾಧನವೆಂದರೆ ಭಾಷೆ. ಆದ್ದರಿಂದ ಮತಾಂತರದ ವಿಚಾರ ಇತಿಹಾಸಕಾರನಿಗೂ ಸಮಾಜಶಾಸ್ತ್ರಜ್ಞನಿಗೂ ಸೇರಿದ್ದಾದರೆ, ಮಾನಸಾಂತರದ ವಿಚಾರ ಬಹುಮಟ್ಟಿಗೆ ಸಾಹಿತ್ಯದ ವಿದ್ಯಾರ್ಥಿಗೆ ಸೇರಿದ್ದು.

ಈ ವಿಚಾರಕ್ಕೆ ನಾವು ಒಂದು ನೆಲೆಯನ್ನು ಆರಿಸಿಕೊಂಡಿದ್ದೇವೆ. ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ, ಭೀಮಾನದಿ ಸಿಗುವುದಕ್ಕೆ ಮುನ್ನ, ಝಳಕಿ ಎಂಬ ಊರಿದೆ. ಝಳಕಿಯ ದಕ್ಷಿಣಕ್ಕೂ ಪೂರ್ವಕ್ಕೂ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ನಾಡು. ಬಸವಣ್ಣನವರು ಹುಟ್ಟಿದ ನೆಲ. ಅದೇ ದಾರಿಯಲ್ಲಿ ಉತ್ತರಕ್ಕೆ ನಡೆದರೆ ಸಿದ್ಧರಾಮನ ಸೊನ್ನಲಿಗೆ, ಎಂದರೆ ಇಂದಿನ ಸೊಲ್ಲಾಪುರ. ದಾರಿಯ ದಕ್ಷಿಣದ ತುದಿಯಾದ ವಿಜಯಪುರದಲ್ಲಿಯೇ ಫ. ಗು. ಹಳಕಟ್ಟಿಯವರು ಓಲೆಗರಿಗಳನ್ನು ಕೂಡಿಹಾಕಿ ೧೯೨೩ರಲ್ಲಿ 'ವಚನಶಾಸ್ತ್ರಸಾರ'ವನ್ನು ಬೆಳಕಿಗೆ ತಂದರು. ಬಾಸೆಲ್ ಮಿಶನ್ನಿನವರು ೧೮೩೪ರಲ್ಲಿ ಮಂಗಳೂರಿನಲ್ಲಿ ಕಾಲೂರಿ, ೧೮೩೭ರಲ್ಲಿ ಧಾರವಾಡಕ್ಕೂ, ೧೮೩೯ರಲ್ಲಿ ಹುಬ್ಬಳ್ಳಿಗೂ, ೧೮೫೧ರಲ್ಲಿ ಗುಳೇದಗುಡ್ಡಕ್ಕೂ, ೧೮೮೫ರಲ್ಲಿ ಬಿಜಾಪುರಕ್ಕೂ ಬಂದರು. ಮನಸ್ಸು ಬದಲಾಗಬೇಕು, ಹೊರಗಿನ ಆಚಾರ ಸಾಲದು ಎಂಬ ಉಪದೇಶದೊಡನೆ ಅವರು ಈ ನಾಡನ್ನು ಪ್ರವೇಶಿಸಿದಾಗ ಇಲ್ಲಿಯ ಕೇಳುಗನಿಗೆ ಆ ಮಾತು ಹೊಸದಾಗಿರಲಿಲ್ಲ. ಏಳು ಶತಮಾನಗಳ ಕಾಲ ಅವನು ಅದನ್ನು ಶರಣರ ವಚನಗಳಲ್ಲಿ ಕೇಳಿದ್ದನು. ಏಕತಾರಿಯ ದನಿಯೊಡನೆ ರಾತ್ರಿಯಿಡೀ ನಡೆಯುವ ಭಜನೆಯ ತತ್ತ್ವಪದಗಳಲ್ಲಿ ಹಾಡಿದ್ದನು. ಹಾಗಾದರೆ ಹೊಸ ವಿಶ್ವಾಸವು ಅಂತರಂಗಕ್ಕೆ ತಂದ ಹೊಸತೇನು? ಅದನ್ನು ನುಡಿಯಲು ಅದಕ್ಕೆ ದೊರೆತ ಭಾಷೆ ಯಾವುದು? ಇವೆರಡೂ ಒಂದೇ ಪ್ರಶ್ನೆಯ ಎರಡು ಮುಖಗಳೆಂದು ನಮಗೆ ತೋರುತ್ತದೆ.

೨. ಪದಗಳ ಪರೀಕ್ಷೆ

ಬಳ್ಳಾರಿಯ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಸಹಾಯಕರ ಪರಿಶ್ರಮದಿಂದ ೧೮೩೧ರಲ್ಲಿ ಸಂಪೂರ್ಣ ಬೈಬಲ್ ಕನ್ನಡಕ್ಕೆ ಬಂದಿತು. ಮುಂದೆ ಬಾಸೆಲ್ ಮಿಶನ್ನಿನ ವಿದ್ವಾಂಸರೂ ಅದರ ಪರಿಷ್ಕರಣಕ್ಕೆ ಕೈಹಾಕಿದರು. ಈ ಭಾಷಾಂತರಗಳಲ್ಲಿ ಕಥಾಭಾಗ ಅಷ್ಟೇನೂ ತೊಡಕಾಗುವುದಿಲ್ಲ. ತೊಡಕು ಕಾಣಿಸುವುದು ಅಂತರಂಗದ ಪದಗಳಲ್ಲಿ. ಅಂಥ ನಾಲ್ಕೈದು ಪದಗಳನ್ನು ಪರೀಕ್ಷಿಸೋಣ.

ಗ್ರೀಕ್ ಹೊಸ ಒಡಂಬಡಿಕೆಯಲ್ಲಿ 'ಮೆಟನೋಯ' ಎಂಬ ಪದವಿದೆ. ಮನಸ್ಸು ಬೇರೆಯಾಗುವುದು ಎಂಬುದು ಅದರ ಅವಯವಾರ್ಥ. ಕನ್ನಡದಲ್ಲಿ ಇದಕ್ಕೆ 'ಪಶ್ಚಾತ್ತಾಪ', 'ಮಾನಸಾಂತರ', 'ದೇವರ ಕಡೆಗೆ ತಿರುಗಿಕೊಳ್ಳುವುದು' ಎಂಬ ಮೂರು ಬಗೆಯ ರೂಪಗಳು ಬಳಕೆಯಲ್ಲಿ ಬಂದಿವೆ. ಮೂರಕ್ಕೂ ಮೂರು ಮನೋಧರ್ಮಗಳಿವೆ. ಪಶ್ಚಾತ್ತಾಪವೆಂದರೆ ಮಾಡಿದ್ದಕ್ಕಾಗಿ ಬೇಯುವುದು. ಅದರ ಮುಖ ಹಿಂದಕ್ಕೆ. ಮಾನಸಾಂತರವು ಮೂಲಕ್ಕೆ ಅತ್ಯಂತ ಸಮೀಪವಾದ ರಚನೆ. ಆದರೆ ಅದು ಪಂಡಿತರು ಕಟ್ಟಿದ ಮಾತು, ಹಳ್ಳಿಯವನ ಬಾಯಿಗೆ ತಾನಾಗಿ ಬರುವಂಥದಲ್ಲ. ತಿರುಗಿಕೊಳ್ಳುವುದು ಎಂಬುದರಲ್ಲಿ ಅಚ್ಚಗನ್ನಡದ ಕ್ರಿಯೆಯೊಂದಿದೆ. ದಾರಿ ತಪ್ಪಿದವನು ಹೊರಳಿ ನಿಲ್ಲುತ್ತಾನೆ. ಅವನು ಅದೇ ಮನುಷ್ಯ, ನಿಂತ ನೆಲವೂ ಅದೇ, ಮುಖ ಮಾತ್ರ ಬೇರೆ ಕಡೆಗೆ. ಹಿಬ್ರೂ ಪ್ರವಾದಿಗಳ ಮೂಲಭಾವಕ್ಕೂ ಇದೇ ಹತ್ತಿರ. ಈ ಮೂರರಲ್ಲಿ ಒಂದನ್ನೇ ಹಿಡಿದು ಉಳಿದವನ್ನು ಬಿಟ್ಟರೆ ಅನುಭವದ ಒಂದು ಭಾಗ ಕುಂಟಾಗುತ್ತದೆ.

'ನಂಬಿಕೆ' ಎಂಬ ಪದವನ್ನು ನೋಡಿದರೆ ಅನುವಾದಕರ ಭಾಗ್ಯ ದೊಡ್ಡದೆನ್ನಬೇಕು. ಕನ್ನಡದಲ್ಲಿ ನಂಬುವುದೆಂದರೆ ಒಂದು ಸಿದ್ಧಾಂತವನ್ನು ಒಪ್ಪುವುದಷ್ಟೇ ಆಗಿರಲಿಲ್ಲ. ಒಬ್ಬನ ಮೇಲೆ ಭಾರ ಹಾಕುವುದೂ ಆಗಿತ್ತು. ಎತ್ತನ್ನು ನಂಬಿ ಬೇಸಾಯ, ಮಳೆಯನ್ನು ನಂಬಿ ಬಿತ್ತನೆ. ಲೂಥರನು ವಿಶ್ವಾಸವೆಂದರೆ ಭರವಸೆಯೆಂದು ಹೇಳಲು ಪಟ್ಟ ಶ್ರಮವನ್ನು ಕನ್ನಡದ ಈ ಧಾತು ಅರ್ಧಕ್ಕರ್ಧ ಹಗುರಗೊಳಿಸಿತು. ಕಥೋಲಿಕರು 'ವಿಶ್ವಾಸ'ವೆಂಬುದನ್ನು ಆಯ್ದುಕೊಂಡರು. ನಮ್ಮ ದಿನಬಳಕೆಯಲ್ಲಿ ಅದಕ್ಕೆ ಪ್ರೀತಿಯ ಅರ್ಥವೂ ಸೇರಿಕೊಂಡಿರುವುದು ಒಂದು ಲಾಭವೇ.

ಇನ್ನು ಕೃಪೆ. ಪ್ರಾಟೆಸ್ಟಂಟರ 'ಕೃಪೆ'ಗೆ ಪ್ರತಿಯಾಗಿ ಕಥೋಲಿಕ ಪ್ರಾರ್ಥನೆಗಳಲ್ಲಿ 'ವರಪ್ರಸಾದ'ವೆಂಬ ಮಾತಿದೆ. ಪ್ರಸಾದವು ಶರಣರ ಅಷ್ಟಾವರಣಗಳಲ್ಲಿ ಒಂದು. ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಹಾಗೆಯೇ 'ದೀಕ್ಷಾಸ್ನಾನ'ದಲ್ಲಿಯ ದೀಕ್ಷೆ. ಶರಣಧರ್ಮದಲ್ಲಿ ದೀಕ್ಷೆ ಪಡೆದವನಿಗೆ ಪೂರ್ವಾಶ್ರಯ ಕಳೆಯುತ್ತದೆ, ಅವನು 'ಪುನರ್ಜಾತ'. ಹೊಸ ಹುಟ್ಟಿನ ಕಲ್ಪನೆಯನ್ನು ಕ್ರೈಸ್ತ ಉಪದೇಶಕನು ಈ ನಾಡಿಗೆ ಹೊತ್ತು ತರಬೇಕಾಗಿರಲಿಲ್ಲ. ಅವನು ಎಡವಿದ್ದು 'ಪುನರ್ಜನ್ಮ' ಎಂಬ ಮಾತನ್ನು ಬಳಸಿದಾಗ. ಈ ದೇಶದಲ್ಲಿ ಪುನರ್ಜನ್ಮವೆಂದರೆ ತಪ್ಪಿಸಿಕೊಳ್ಳಬೇಕಾದ ಸಂಗತಿ. ಅದನ್ನೇ ಬಯಸಬೇಕಾದ ವರವೆಂದು ಸಾರಿದಾಗ ಸಾಮಾನ್ಯ ಕೇಳುಗನು ಬೆರಗಾಗದೆ ಇರುವುದು ಹೇಗೆ?

ಎಲ್ಲಕ್ಕಿಂತ ಆಳವಾದ ಕಷ್ಟ 'ಆತ್ಮ'ದ್ದು. ವೇದಾಂತದ ಆತ್ಮ ನಿರ್ವಿಕಾರ. ಅದು ಕೆಡುವುದೂ ಇಲ್ಲ, ಸುಧಾರಿಸುವುದೂ ಇಲ್ಲ. ಕ್ರೈಸ್ತನ ಆತ್ಮ ಕಳೆದುಹೋಗಬಲ್ಲದು, ಮರಳಿ ದೊರೆಯಬಲ್ಲದು. ಒಂದೇ ಪದ ಎರಡು ಲೋಕಗಳನ್ನು ಹೊತ್ತಿರುವಾಗ, ಪರಿವರ್ತನೆ ಎಲ್ಲಿ ನಡೆಯುತ್ತದೆಂದು ಹೇಳಲು ಬೇರೊಂದು ಸ್ಥಳ ಬೇಕಾಯಿತು. ಆ ಸ್ಥಳವನ್ನು ವಚನಕಾರರು ಆಗಲೇ ಹಸನುಮಾಡಿ ಇಟ್ಟಿದ್ದರು. ಅದು 'ಮನ'. ಹರಿದಾಡುವ, ಕೆಡುವ, ಬೇಡಿಕೊಂಡು ನಿಲ್ಲಿಸಬೇಕಾದ ಮನ. ಕನ್ನಡ ಕ್ರೈಸ್ತ ಬರಹಗಳಲ್ಲಿ ಒಳಬದುಕಿನ ನಿರೂಪಣೆ ಎಲ್ಲೆಲ್ಲಿ ಸಹಜವಾಗಿದೆಯೋ ಅಲ್ಲೆಲ್ಲ ಆತ್ಮಕ್ಕಿಂತ ಮನಸ್ಸೂ ಹೃದಯವೂ ಮುಂದಾಗಿರುತ್ತವೆಂಬುದು ನಮ್ಮ ಅಭಿಪ್ರಾಯ.

೩. ವೃತ್ತಾಂತದ ಅಚ್ಚು

ಪದಗಳ ಮೇಲೆ ಬರುವ ಪ್ರಶ್ನೆ ನಿರೂಪಣೆಯ ರೂಪದ್ದು. ಪೌಲನಿಗೆ ದಮಸ್ಕದ ದಾರಿಯಲ್ಲಿ ಬೆಳಕು ಕಂಡಿತು. ಅಗಸ್ಟೀನನಿಗೆ ಮಿಲಾನಿನ ತೋಟದಲ್ಲಿ ಮನಸ್ಸು ತಿರುಗಿತು. ಜಾನ್ ವೆಸ್ಲಿಯ ಹೃದಯ ಬೆಚ್ಚಗಾದುದು ೧೭೩೮ರ ಮೇ ೨೪ರಂದು. ಪಾಶ್ಚಾತ್ಯ ಕ್ರೈಸ್ತ ಆತ್ಮಕಥನದಲ್ಲಿ ಹೀಗೆ ಸ್ಥಳ ಹಾಗೂ ಮುಹೂರ್ತಗಳಿಗೆ ಬಹಳ ಬೆಲೆ. ಬಾಸೆಲ್ ಮಿಶನ್ ೧೮೧೫ರಲ್ಲಿ ಹುಟ್ಟಿದುದು ವ್ಯುರ್ಟೆಂಬರ್ಗ್ ಪ್ರಾಂತದ ಪಾಯಟಿಸ್ಟ್ ಮನೆತನಗಳ ಬೆಂಬಲದಿಂದ. ಹೃದಯದ ಧರ್ಮವೇ ಧರ್ಮವೆಂಬುದು ಆ ಪಂಥದ ಜೀವಾಳ. ಬಾಸೆಲ್ಲಿನ ವಿದ್ಯಾಲಯವನ್ನು ಸೇರಬಯಸುವ ತರುಣನು ತನ್ನ ಅಂತರಂಗದಲ್ಲಿ ಆದ ಬದಲಾವಣೆಯನ್ನು ವಿವರಿಸುವ ಜೀವನವೃತ್ತಾಂತವನ್ನು ಬರೆದುಕೊಡಬೇಕಾಗಿತ್ತು. ಪಾಪದ ಕತ್ತಲೆ, ಒಳಗಿನ ಸಂಕಟ, ಬೆಳಕಿನ ಗಳಿಗೆ, ಅನಂತರದ ಶಾಂತಿ: ಇದು ಆ ವೃತ್ತಾಂತದ ಕ್ರಮ. ತಾವು ಹಾದುಬಂದ ಅಚ್ಚನ್ನೇ ಮಿಶನರಿಗಳು ಇಲ್ಲಿಯವರ ಬಾಳನ್ನು ಅಳೆಯಲು ಬಳಸಿದುದು ಸಹಜ.

ಆ ಅಚ್ಚಿನ ಶ್ರೇಷ್ಠ ಕೃತಿ ಬನಿಯನ್ನನ ೧೬೭೮ರ ಯಾತ್ರಿಕನ ಕಥೆ. ವೈಗಲ್ ಎಂಬ ಮಿಶನರಿ ಅದನ್ನು 'ಯಾತ್ರಿಕನ ಸಂಚಾರ'ವೆಂಬ ಹೆಸರಿನಿಂದ ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಕನ್ನಡಕ್ಕೆ ತಂದರು. ಶ್ರೀಶೈಲಕ್ಕೂ ಪಂಢರಪುರಕ್ಕೂ ನಡೆದು ಹೋಗುವ ಜನರಿಗೆ ಯಾತ್ರೆಯ ರೂಪಕ ಹೇಳಿಕೊಡಬೇಕಾದುದಲ್ಲ. ಬೆನ್ನ ಮೇಲಿನ ಹೊರೆ ಶಿಲುಬೆಯ ಬಳಿ ಕಳಚಿಬೀಳುವ ಚಿತ್ರವೂ ಯಾವ ಭಾಷೆಯಲ್ಲಿಯಾದರೂ ಸಲ್ಲುವಂಥದು. ಆದರೆ ಆ ಕಥೆಯ ಆರಂಭವನ್ನು ನೆನೆಯಬೇಕು. ಯಾತ್ರಿಕನು ಹೆಂಡತಿ ಮಕ್ಕಳ ಕೂಗು ಕೇಳಿಸದಂತೆ ಕಿವಿಗೆ ಬೆರಳಿಟ್ಟುಕೊಂಡು ಓಡುತ್ತಾನೆ. ರೂಪಕವಾಗಿ ಇದು ಒಪ್ಪಬಹುದಾದ ಮಾತು. ಬಾಳಿಗೆ ಇಳಿದಾಗ ಅದರ ಅರ್ಥವೇ ಬೇರೆ.

ಬಾಳಿಗೆ ಇಳಿದ ನಿದರ್ಶನ ಮಂಗಳೂರಿನದು. ೧೮೪೪ರ ಜನವರಿಯಲ್ಲಿ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿಣ್ಯರು ಇಬ್ಬರು ಗೆಳೆಯರೊಡನೆ ದೀಕ್ಷಾಸ್ನಾನ ಪಡೆದರು. ಮೋಗ್ಲಿಂಗರ ಶಿಷ್ಯರಾದ ಅವರು ಗುರುವಿನ 'ಹರ್ಮನ್' ಎಂಬ ಹೆಸರನ್ನೇ ತಮ್ಮದಾಗಿಸಿಕೊಂಡು, ಬಾಸೆಲ್ಲಿಗೆ ಹೋಗಿ ಓದಿ, ೧೮೫೧ರಲ್ಲಿ ಗುರುದೀಕ್ಷೆ ಪಡೆದು ಹಿಂತಿರುಗಿ, ೧೮೯೩ರಲ್ಲಿ ತೀರಿಕೊಳ್ಳುವವರೆಗೆ ಸೇವೆಯಲ್ಲಿ ನಿಂತರು. ಅವರ ನಿಷ್ಠೆಯನ್ನು ಸಂದೇಹಿಸಲು ಯಾವ ಕಾರಣವೂ ಇಲ್ಲ. ಅವರು ಕಳೆದುಕೊಂಡುದು ಅಲ್ಪವಲ್ಲ. ಆದರೂ ಆ ಪ್ರಸಂಗವನ್ನು ಓದುವ ನಮಗೆ ಒಂದು ಕೊರತೆ ಕಾಣುತ್ತದೆ. ಅವರ ಎಳೆಯ ಪತ್ನಿ ಅವರನ್ನು ಹಿಂಬಾಲಿಸಲಿಲ್ಲ. ಆಕೆಯ ದನಿ ಆ ವೃತ್ತಾಂತದಲ್ಲಿ ಇಲ್ಲ. ಒಬ್ಬನ ಒಳಗೆ ಬೆಳಕಾದ ದಿನ ಇನ್ನೊಬ್ಬಳ ಮನೆಯಲ್ಲಿ ದೀಪ ಆರಿರಬಹುದು. ಅಂತರಂಗದ ಪರಿವರ್ತನೆಯನ್ನು ಕುರಿತ ಬರಹ ಈ ಎರಡನೆಯ ಸಂಗತಿಯನ್ನೂ ಹೇಳದೆ ಪೂರ್ಣವಾಗಲಾರದು.

ಈ ಕೊರತೆಯನ್ನು ನೀಗಿಸುವ ಗ್ರಂಥ ಕನ್ನಡದಲ್ಲಿ ಹುಟ್ಟಲಿಲ್ಲ. ನಮ್ಮ ನೆರೆಯ ಮರಾಠಿಯಲ್ಲಿ, ಝಳಕಿಯ ಮುಂದಿನ ಭೀಮಾನದಿಯ ಆಚೆಯ ಭಾಷೆಯಲ್ಲಿ, ಹುಟ್ಟಿತು. ಕವಿ ನಾರಾಯಣ ವಾಮನ ಟಿಳಕರು ೧೮೯೫ರಲ್ಲಿ ಕ್ರೈಸ್ತರಾದಾಗ ಅವರ ಪತ್ನಿ ಲಕ್ಷ್ಮೀಬಾಯಿ ತವರಿನ ಕಡೆಯವರ ಆಶ್ರಯದಲ್ಲಿ ಉಳಿದರು. ಕೆಲವು ವರ್ಷಗಳ ಅಗಲಿಕೆಯ ಬಳಿಕ ಗಂಡನನ್ನು ಕೂಡಿಕೊಂಡರೂ ತಮ್ಮ ಆಚಾರವನ್ನು ಬಿಡಲಿಲ್ಲ. ೧೯೦೦ರಲ್ಲಿ ತಾವೇ ಮನಃಪೂರ್ವಕವಾಗಿ ದೀಕ್ಷಾಸ್ನಾನ ಪಡೆದರು. ಅವರ 'ಸ್ಮೃತಿಚಿತ್ರೇ' ೧೯೩೪ರಿಂದ ಮೊದಲುಗೊಂಡು ಭಾಗಭಾಗವಾಗಿ ಪ್ರಕಟವಾಯಿತು. ಅಲ್ಲಿ ದಮಸ್ಕದ ಬೆಳಕಿಲ್ಲ. ಪರಿವರ್ತನೆ ನಡೆಯುವುದು ನೀರಿನ ಕೊಡದ ಬಳಿ, ಒಲೆಯ ಮುಂದೆ. ಯಾರು ಮುಟ್ಟಿದ ನೀರನ್ನು ಕುಡಿಯಬಹುದು, ಯಾರ ಕೈಯ ಅನ್ನವನ್ನು ಉಣ್ಣಬಹುದು ಎಂಬ ಹಳೆಯ ಗೆರೆಗಳು ಒಂದೊಂದಾಗಿ ಅಳಿಯುತ್ತವೆ. ಕೊನೆಗೆ ನೋಡಿದರೆ ಮನುಷ್ಯಳೇ ಬೇರೆಯಾಗಿದ್ದಾಳೆ. ತನ್ನನ್ನು ತಾನೇ ನಗೆಯಾಡುತ್ತ ಲಕ್ಷ್ಮೀಬಾಯಿ ಇದನ್ನು ಹೇಳುವುದರಿಂದ ನಮಗೆ ನಂಬಿಕೆ ಹುಟ್ಟುತ್ತದೆ. ಒಳಗಿನ ಬದಲಾವಣೆಗೆ ಒಂದು ಮುಹೂರ್ತವನ್ನು ಕಲ್ಪಿಸುವ ವೃತ್ತಾಂತಕ್ಕಿಂತ, ಅದು ಕಾಲದಲ್ಲಿ ಹರಡಿಕೊಂಡುದನ್ನು ತೋರಿಸುವ ವೃತ್ತಾಂತ ಹೆಚ್ಚು ಪ್ರಾಮಾಣಿಕವಾಗಿರಬಲ್ಲದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

೪. ಉತ್ತಂಗಿಯವರೂ ಸೊನ್ನಲಿಗೆಯ ಸಿದ್ಧರಾಮನೂ

ಕನ್ನಡದಲ್ಲಿ ಇದಕ್ಕೆ ಸಮಾನವಾದ ನಿದರ್ಶನವನ್ನು ಹುಡುಕಿದರೆ ನಾವು ಆತ್ಮಕಥೆಯ ಕಡೆಗಲ್ಲ, ಒಂದು ಜೀವಮಾನದ ವಿದ್ವತ್ಕಾರ್ಯದ ಕಡೆಗೆ ನೋಡಬೇಕಾಗುತ್ತದೆ. ರೆವರೆಂಡ್ ಉತ್ತಂಗಿ ಚನ್ನಪ್ಪನವರು ೧೮೮೧ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ಅವರದು ಲಿಂಗಾಯತ ಮೂಲದಿಂದ ಕ್ರೈಸ್ತಧರ್ಮಕ್ಕೆ ಬಂದ ಮನೆತನ. ಮಂಗಳೂರಿನ ದೈವಜ್ಞಾನ ವಿದ್ಯಾಲಯದಲ್ಲಿ ಓದಿ ಬಾಸೆಲ್ ಮಿಶನ್ನಿನ ಸಭಾಪಾಲಕರಾದರು. ೧೯೨೪ರಲ್ಲಿ ಸರ್ವಜ್ಞನ ಸುಮಾರು ಎರಡು ಸಾವಿರ ತ್ರಿಪದಿಗಳನ್ನು ಸಂಪಾದಿಸಿ ಪ್ರಕಟಿಸಿದರು. ಹಳಕಟ್ಟಿಯವರ 'ವಚನಶಾಸ್ತ್ರಸಾರ'ಕ್ಕೂ ಇದಕ್ಕೂ ನಡುವೆ ಒಂದೇ ವರ್ಷದ ಅಂತರ. ೧೯೪೯ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 'ಅನುಭವ ಮಂಟಪದ ಐತಿಹಾಸಿಕತೆ'ಯನ್ನು ಬರೆದರು. 'ಸಿದ್ಧರಾಮ ಸಾಹಿತ್ಯ ಸಂಗ್ರಹ'ವನ್ನು ೧೯೫೫ರಲ್ಲಿ ಹೊರತಂದರು. ೧೯೬೨ರಲ್ಲಿ ತೀರಿಕೊಂಡ ಅವರನ್ನು ನಾಡು 'ತಿರುಳ್ಗನ್ನಡದ ತಿರುಕ' ಎಂದು ನೆನೆಯುತ್ತದೆ.

ಕೌಂಡಿಣ್ಯರಿಗೂ ಉತ್ತಂಗಿಯವರಿಗೂ ಇರುವ ಮೊದಲ ವ್ಯತ್ಯಾಸವನ್ನು ಗಮನಿಸಬೇಕು. ಉತ್ತಂಗಿಯವರು ಮತಾಂತರ ಹೊಂದಿದವರಲ್ಲ. ಅದು ಅವರ ಹಿರಿಯರ ಕಾಲದಲ್ಲಿ ಮುಗಿದ ಸಂಗತಿ. ಹುಟ್ಟಿನಿಂದ ಬಂದ ವಿಶ್ವಾಸವನ್ನು ತನ್ನದಾಗಿ ಮಾಡಿಕೊಳ್ಳುವುದಷ್ಟೇ ಅವರ ಮುಂದಿದ್ದ ಕೆಲಸ. ವಿಲಿಯಂ ಜೇಮ್ಸ್ ೧೯೦೨ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ಒಮ್ಮೆ ಹುಟ್ಟಿದವರು, ಎರಡು ಬಾರಿ ಹುಟ್ಟಿದವರು ಎಂದು ಧಾರ್ಮಿಕರನ್ನು ಎರಡಾಗಿ ವಿಂಗಡಿಸಿದ್ದಾನೆ. ಉತ್ತಂಗಿಯವರು ಈ ಎರಡು ಗುಂಪುಗಳಲ್ಲಿ ಯಾವುದಕ್ಕೂ ಸುಲಭವಾಗಿ ಸೇರುವುದಿಲ್ಲ. ಹಿರಿಯರು ಬಿಟ್ಟುಬಂದ ಮನೆಯ ಕಡೆಗೆ ಅವರು ತಿರುಗಿ ನೋಡಿದರು. ಆ ನೋಟದಲ್ಲಿ ಪಶ್ಚಾತ್ತಾಪವೂ ಇರಲಿಲ್ಲ, ತಿರಸ್ಕಾರವೂ ಇರಲಿಲ್ಲ. ಅವರ ಒಂದು ಪುಸ್ತಕದ ಹೆಸರು 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ'. ಇಲ್ಲಿ 'ವಿನಂತಿ' ಎಂಬ ಮಾತನ್ನು ಹಗುರವಾಗಿ ದಾಟಬಾರದು. ಉಪದೇಶ, ಖಂಡನೆ, ವಿಚಾರಣೆ ಎಂಬ ಪದಗಳಿಂದ ತುಂಬಿದ್ದ ಹಿಂದಿನ ತಲೆಮಾರಿನ ಪುಸ್ತಿಕೆಗಳ ಪಕ್ಕದಲ್ಲಿ ಇಟ್ಟು ನೋಡಿದರೆ, ಬೇಡಿಕೊಳ್ಳುವವನ ನಿಲುವು ಎಷ್ಟು ಬೇರೆಯೆಂಬುದು ತಿಳಿಯುತ್ತದೆ.

ಸಿದ್ಧರಾಮನ ಕಡೆಗೆ ಅವರು ಒಲಿದುದೇಕೆಂಬುದು ನಮಗೆ ಹೆಚ್ಚು ಮುಖ್ಯವಾದ ಪ್ರಶ್ನೆ. 'ಶೂನ್ಯಸಂಪಾದನೆ'ಯಲ್ಲಿ ಬರುವ ಸಿದ್ಧರಾಮನ ಪ್ರಸಂಗವನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಸೊನ್ನಲಿಗೆಯಲ್ಲಿ ಕೆರೆ ತೋಡಿಸುತ್ತ, ಗುಡಿ ಕಟ್ಟಿಸುತ್ತ, ಪುಣ್ಯಕಾರ್ಯದಲ್ಲಿ ಮುಳುಗಿರುವ ಯೋಗಿಯ ಬಳಿಗೆ ಅಲ್ಲಮನು ಬರುತ್ತಾನೆ. ಅವನನ್ನು ಒಡ್ಡನೆಂದು ಕರೆಯುತ್ತಾನೆ. ಕೆಲಸಗಾರರು ಸಿಟ್ಟಿಗೆದ್ದು ಕಲ್ಲೆಸೆಯುತ್ತಾರೆ. ಮುಂದೆ ಸಂವಾದ ನಡೆದು, ಮಾಡುವ ಕಾರ್ಯವೆಲ್ಲ ಒಳ್ಳೆಯದಾಗಿದ್ದರೂ ಮಾಡುವೆನೆಂಬವನು ಒಳಗೆ ಹಾಗೆಯೇ ಉಳಿದಿದ್ದಾನೆಂಬುದು ಸಿದ್ಧರಾಮನಿಗೆ ಅರಿವಾಗುತ್ತದೆ. ಅವನು ಅಲ್ಲಮನೊಡನೆ ಕಲ್ಯಾಣಕ್ಕೆ ಹೋಗಿ ಚನ್ನಬಸವಣ್ಣನಿಂದ ದೀಕ್ಷೆ ಪಡೆಯುತ್ತಾನೆ. ಈ ವೃತ್ತಾಂತದ ಐತಿಹಾಸಿಕತೆ ಏನೇ ಇರಲಿ, ಅದರ ಆಧ್ಯಾತ್ಮಿಕ ಸತ್ತ್ವ ನಿಸ್ಸಂದಿಗ್ಧ.

ಲೂಥರನ ಪರಂಪರೆಯಲ್ಲಿ ಬೆಳೆದ ಸಭಾಪಾಲಕನೊಬ್ಬನಿಗೆ ಈ ಪ್ರಸಂಗ ಏನನ್ನು ನುಡಿದಿರಬೇಕು? ಕೆಟ್ಟವನು ಒಳ್ಳೆಯವನಾದ ಕಥೆ ಇದಲ್ಲ. ಒಳ್ಳೆಯವನಿಗೆ ತನ್ನ ಒಳ್ಳೆಯತನವೇ ಅಡ್ಡವಾಗಿತ್ತೆಂಬ ಕಥೆ. ನೇಮನಿಷ್ಠೆಗಳಲ್ಲಿ ಯಾರಿಗೂ ಕಡಿಮೆಯಿಲ್ಲದ ಫರಿಸಾಯನಾದ ಪೌಲ, ಮಠದ ತಪಸ್ಸಿನಲ್ಲಿ ಬಳಲಿದ ಲೂಥರ್, ಕೆರೆ ತೋಡಿಸಿದ ಸಿದ್ಧರಾಮ, ಈ ಮೂವರ ಸಂಕಟದ ಮೂಲ ಒಂದೇ ಬಗೆಯದು. ಕ್ರೈಸ್ತ ವಿಶ್ವಾಸವು ಅಂತರಂಗದಲ್ಲಿ ತರುವ ಬದಲಾವಣೆಯ ತಿರುಳನ್ನು ಹೇಳೆಂದರೆ ಕ್ರೈಸ್ತನು ಪಾಪದ ಬಿಡುಗಡೆಯ ಮಾತನ್ನು ಮೊದಲು ಹೇಳುತ್ತಾನೆ. ಅದರ ಹಿಂದೆ ಇನ್ನೂ ಸೂಕ್ಷ್ಮವಾದ ಮಾತೊಂದಿದೆ: ನಾನು ಗಳಿಸಿದ ಪುಣ್ಯದ ಲೆಕ್ಕವನ್ನು ಬಿಟ್ಟುಕೊಡುವುದು, ಪಡೆದುದನ್ನು ಪ್ರಸಾದವೆಂದು ಕೈಯೊಡ್ಡಿ ಸ್ವೀಕರಿಸುವುದು. ಇದನ್ನು ಉತ್ತಂಗಿಯವರು ಸ್ವತಃ ಈ ಮಾತುಗಳಲ್ಲಿ ಹೇಳಿದರೆಂದು ನಾವು ಹೇಳುತ್ತಿಲ್ಲ. ಅವರ ಆಯ್ಕೆಯಲ್ಲಿ ಇದು ಧ್ವನಿತವಾಗುತ್ತದೆಂಬುದಷ್ಟೇ ನಮ್ಮ ವಾದ.

ಕರ್ಮವನ್ನು ಬಿಟ್ಟ ಸಿದ್ಧರಾಮನ ಕೆರೆ ಮಾತ್ರ ಉಳಿಯಿತು. ಸೊಲ್ಲಾಪುರದಲ್ಲಿ ಅವನ ಗುಡಿಯ ಸುತ್ತ ಅದು ಇಂದಿಗೂ ಇದೆ. ಲೆಕ್ಕ ಹೋಯಿತು, ಕೆಲಸ ಉಳಿಯಿತು. ಉತ್ತಂಗಿಯವರ ಸಂಪಾದನಾಕಾರ್ಯವನ್ನೂ ಹೀಗೆಯೇ ನೋಡಬೇಕು. ಅನ್ಯಧರ್ಮದ ಪೂಜ್ಯ ಸಂಸ್ಥೆಯೊಂದು ಇತಿಹಾಸದಲ್ಲಿ ನಿಜವಾಗಿ ಇತ್ತೇ ಎಂದು ವಿದ್ವಾಂಸರು ಸಂದೇಹಿಸಿದಾಗ ಅದರ ಪರವಾಗಿ ಪುಸ್ತಕವನ್ನೇ ಬರೆದ ಪಾದ್ರಿಗೆ ತನ್ನ ಸಭೆಯಿಂದ ಯಾವ ಲಾಭ ಬರಬೇಕು? ಇಂಥ ಕಾರ್ಯ ಲಾಭದ ಲೆಕ್ಕವನ್ನು ಬಿಟ್ಟ ಮನಸ್ಸಿನಿಂದ ಮಾತ್ರ ಸಾಧ್ಯ.

೫. ಎರಡು ಆಕ್ಷೇಪಗಳು

ಈ ವಾದಕ್ಕೆ ಎರಡು ಬಲವಾದ ಆಕ್ಷೇಪಗಳನ್ನು ಎತ್ತಬಹುದು.

ಮೊದಲನೆಯದು: ಪರಧರ್ಮದ ಸಾಹಿತ್ಯಸೇವೆ ಒಂದು ಉಪಾಯವಾಗಿರಬಾರದೇಕೆ? ಕಿಟ್ಟೆಲರು ೧೮೬೨ರ 'ಕಥಾಮಾಲೆ'ಯಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿ ಹಾಡಿದುದು ಜನರನ್ನು ಮುಟ್ಟಲೆಂದೇ ಅಲ್ಲವೇ? ಹೌದು, ಕಿಟ್ಟೆಲರ ಉದ್ದೇಶ ಅದೇ, ಅದರಲ್ಲಿ ಮುಚ್ಚುಮರೆಯಿಲ್ಲ. ಆದರೆ ಉಪಾಯಕ್ಕೆ ಒಂದು ಮಿತಿಯುಂಟು. ಫಲ ಬಾರದಿದ್ದಾಗ ಉಪಾಯವನ್ನು ಕೈಬಿಡುತ್ತಾರೆ. ೧೮೪೦ರ ಸುಮಾರಿಗೆ ಹುಬ್ಬಳ್ಳಿಯ ಸುತ್ತಿನ ಕಾಲಜ್ಞಾನಿಗಳೆಂಬ ಪಂಥದವರು ಗುಂಪಾಗಿ ಕ್ರೈಸ್ತರಾಗುವರೆಂದು ಮಿಶನರಿಗಳು ನಂಬಿದ್ದರು. ಅವರಿಗಾಗಿ ಮಲಸಮುದ್ರದಲ್ಲಿ ನೆಲೆಯನ್ನೂ ಮಾಡಿದರು. ಆ ನಿರೀಕ್ಷೆ ಕೈಗೂಡಲಿಲ್ಲ, ಯೋಜನೆಯೂ ಸೊರಗಿತು. ಉತ್ತಂಗಿಯವರ ಶ್ರಮ ಮೂರು ದಶಕಗಳಿಗೂ ಮೀರಿ ನಡೆದು ವೃದ್ಧಾಪ್ಯದಲ್ಲಿ ಇನ್ನಷ್ಟು ಗಾಢವಾಯಿತು. ಉಪಾಯಕ್ಕೆ ಇಷ್ಟು ದೀರ್ಘವಾದ ಉಸಿರು ಇರುವುದಿಲ್ಲ.

ಎರಡನೆಯದು ಇನ್ನೂ ಗಂಭೀರ. ಸಾಮ್ಯಗಳನ್ನು ಹೀಗೆ ಎತ್ತಿಹಿಡಿದರೆ ಕ್ರೈಸ್ತ ಅನುಭವವೂ ಶರಣರ ಅನುಭವವೂ ಒಂದೇ ಎಂದಂತಾಗಿ ಎರಡರ ವೈಶಿಷ್ಟ್ಯವೂ ಮಂಕಾಗುವುದಿಲ್ಲವೇ? ಈ ಎಚ್ಚರ ಅವಶ್ಯ. ಶರಣನ ದಾರಿ ಷಟ್‌ಸ್ಥಲಗಳ ಮೂಲಕ ಐಕ್ಯಕ್ಕೆ ಏರುವಂಥದು. ಕೊನೆಯಲ್ಲಿ ಎರಡೆಂಬುದು ಅಳಿಯುತ್ತದೆ. ಕ್ರೈಸ್ತನ ದಾರಿಯಲ್ಲಿ ದೇವರೂ ಭಕ್ತನೂ ಕಡೆಯವರೆಗೆ ಇಬ್ಬರಾಗಿಯೇ ಇರುತ್ತಾರೆ. ಸಂಬಂಧ ಸರಿಹೋಗುತ್ತದೆ, ಸಂಬಂಧಿಗಳು ಕರಗುವುದಿಲ್ಲ. ಶರಣನಿಗೆ ಮಲ ಕಳೆದು ಮೂಲಸ್ವರೂಪ ಬೆಳಗುತ್ತದೆ. ಕ್ರೈಸ್ತನಿಗೆ ಇಲ್ಲದಿದ್ದುದೊಂದು ದಾನವಾಗಿ ಬರುತ್ತದೆ. ಇದಲ್ಲದೆ, ನಡೆದ ಇತಿಹಾಸದ ಒಬ್ಬ ವ್ಯಕ್ತಿಯ ಮರಣಕ್ಕೆ ತನ್ನ ಬದುಕನ್ನು ಕಟ್ಟಿಹಾಕಿಕೊಳ್ಳುವುದು ಕ್ರೈಸ್ತ ಅಂತರಂಗದ ವಿಶೇಷ. ಸಿದ್ಧರಾಮನನ್ನು ಅಷ್ಟು ಪ್ರೀತಿಸಿದ ಉತ್ತಂಗಿಯವರು ಕೊನೆಯವರೆಗೂ ಕ್ರೈಸ್ತರಾಗಿಯೇ ಉಳಿದರೆಂಬುದನ್ನು ಮರೆಯಬಾರದು. ಅವರಲ್ಲಿ ಭೇದ ಅಳಿಯಲಿಲ್ಲ. ಭೇದದಲ್ಲಿದ್ದ ಭಯ ಅಳಿಯಿತು. ನೆರೆಯವನ ಮನೆಯ ಬೆಳಕನ್ನು ಬೆಳಕೆಂದು ಒಪ್ಪಿದರೆ ತನ್ನ ಮನೆಯ ದೀಪ ಚಿಕ್ಕದಾಗುವುದೆಂಬ ಭಯ ಅದು.

೬. ಉಪಸಂಹಾರ

ಮೇಲಿನ ವಿವೇಚನೆಯಿಂದ ಹೊರಡುವ ನಿರ್ಣಯವನ್ನು ಹೀಗೆ ಸಂಗ್ರಹಿಸಬಹುದು. ಕನ್ನಡದಲ್ಲಿ ಕ್ರೈಸ್ತ ವಿಶ್ವಾಸದ ಅಂತರಂಗವನ್ನು ಹೇಳುವ ಪದಗಳು ಬಹುಮಟ್ಟಿಗೆ ಈ ನೆಲದ ಭಕ್ತಿಪರಂಪರೆ ಹಸನುಮಾಡಿಕೊಟ್ಟ ಪದಗಳು. ಅವುಗಳನ್ನು ಅರಿತು ಬಳಸಿದಲ್ಲಿ ಬರಹ ಜೀವಂತವಾಗಿದೆ, ಅರಿಯದೆ ಬಳಸಿದಲ್ಲಿ ತೊಡಕಾಗಿದೆ. ಪರಿವರ್ತನೆಗೆ ಒಂದು ಮುಹೂರ್ತವನ್ನು ಬೇಡುವ ವೃತ್ತಾಂತದ ಅಚ್ಚು ಹೊರಗಿನಿಂದ ಬಂದುದು; ಅದು ಸುಳ್ಳಲ್ಲವಾದರೂ ಬಾಳಿನ ಬಹುಭಾಗವನ್ನು, ಮುಖ್ಯವಾಗಿ ಮನೆಯೊಳಗಿನ ಬಾಳನ್ನು, ಹೊರಗೆ ಬಿಡುತ್ತದೆ. ನಿಜವಾದ ಮಾನಸಾಂತರವು ತನ್ನನ್ನು ಕುರಿತು ಆಡುವ ಮಾತಿಗಿಂತ, ಹಿಂದೆ ಬಿಟ್ಟುಬಂದುದನ್ನೂ ಪಕ್ಕದಲ್ಲಿರುವವರನ್ನೂ ನೋಡುವ ನೋಟದಲ್ಲಿ ಹೆಚ್ಚು ಸ್ಪಷ್ಟವಾಗಿ ಓದಲು ದೊರೆಯುತ್ತದೆ. ಹೃದಯವನ್ನು ಕಾಣಬಲ್ಲ ಕಣ್ಣು ವಿಮರ್ಶಕನಿಗಿಲ್ಲ; ನೋಟವನ್ನು ಬರಹದಲ್ಲಿ ಗುರುತಿಸಬಲ್ಲ ಅಭ್ಯಾಸ ಅವನಿಗಿರಬೇಕು.

ಮತಾಂತರವೆಂಬ ಮಾತು ಕೇಳಿದೊಡನೆ ಇಂದು ಎರಡು ಪಕ್ಷಗಳು ಎದ್ದು ನಿಲ್ಲುತ್ತವೆ. ಎರಡು ಪಕ್ಷಗಳೂ ಎಣಿಕೆಯ ಭಾಷೆಯನ್ನಾಡುತ್ತವೆ: ಎಷ್ಟು ಜನ ಬಂದರು, ಎಷ್ಟು ಜನ ಹೋದರು. ಆ ಗದ್ದಲದಲ್ಲಿ ಮಾನಸಾಂತರದ ಮಾತು ಮುಳುಗಿಹೋಗಿದೆ. ಅದನ್ನು ಮೇಲೆತ್ತುವ ಹೊಣೆ ಸಾಹಿತ್ಯದ ಅಧ್ಯಾಪಕರ ಮೇಲಿದೆಯೆಂದು ನಾವು ಭಾವಿಸುತ್ತೇವೆ. ಸಭೆಗಳ ಹಳೆಯ ಹಾಡುಗಬ್ಬಗಳು, ಉಪದೇಶಿಗಳ ದಿನಚರಿಗಳು, ವಿಜಯಪುರ, ಗುಳೇದಗುಡ್ಡ, ಗದಗ, ಬೆಟಗೇರಿಗಳ ಕ್ರೈಸ್ತ ಮನೆತನಗಳಲ್ಲಿ ಅಜ್ಜಿಯರು ಹೇಳುವ ನೆನಪುಗಳು, ಇವು ಸಂಗ್ರಹಕ್ಕಾಗಿ ಕಾದಿವೆ. ಕನ್ನಡಕ್ಕೊಬ್ಬ ಲಕ್ಷ್ಮೀಬಾಯಿ ದೊರೆಯಲಿಲ್ಲವೆಂದು ನಾವು ಕೊರಗುತ್ತೇವೆ. ಕೇಳಿ ಬರೆದುಕೊಳ್ಳುವವರು ಹೋಗಲಿಲ್ಲವೆಂಬುದೂ ಅಷ್ಟೇ ನಿಜವಿರಬಹುದು. ಸರ್ವಜ್ಞನ ತ್ರಿಪದಿಗಳಿಗಾಗಿ ಒಬ್ಬ ಪಾದ್ರಿ ಹಳ್ಳಿಹಳ್ಳಿ ತಿರುಗಿದರು. ಆ ಋಣವನ್ನು ತೀರಿಸಲು ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಝಳಕಿಯ ದಾರಿಯನ್ನು ಹಿಡಿದಾರೆಂದು ಆಶಿಸುತ್ತೇವೆ.